ಹೊಸದಾಗಿ ಹೊಳೆದ ಹಳೆಯ ಪ್ಲೇಯರ್

ಬೆಳಿಗ್ಗೆ ಹತ್ತೂಕಾಲಿಗೆ ತೊಮೊಯೊಳ ಫೋನಿನಲ್ಲಿ ಹೊಸ ಸಾಲು ಬಂತು: ಪೊಟ್ಟಣವನ್ನು ಬ್ರೆಜಿಲ್‌ನ ಕಸ್ಟಮ್ಸ್ ತಡೆಹಿಡಿದಿದೆ. ಒಸಾಕಾದ ನಿಪ್ಪೊಂಬಾಶಿಯ ಹಳೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಅವಳು ಆ ಸಾಲನ್ನು ಮತ್ತೆ ಮತ್ತೆ ತೆರೆದು ನೋಡಿದಳು.

ಪೊಟ್ಟಣದಲ್ಲಿದ್ದದ್ದು ಮಿನಿಡಿಸ್ಕ್ ಪ್ಲೇಯರ್, ಪುಟ್ಟ ಡಿಸ್ಕ್ ಹಾಕಿ ಹಾಡು ಕೇಳುವ, ಈಗ ಯಾರೂ ತಯಾರಿಸದ ಯಂತ್ರ. ಅದು ಹೊರಟಿದ್ದು ಮಾರ್ಲಿಗೆ; ಹಿಂದೆ ಜಪಾನಿನ ಹಮಾಮಾತ್ಸುವಿನ ಕಾರ್ಖಾನೆಯಲ್ಲಿ ತೊಮೊಯೊಳ ಪಕ್ಕದ ಮೇಜಿನಲ್ಲಿ ದುಡಿದ ಆ ಗೆಳತಿ ಈಗ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿದ್ದಾಳೆ. ಅವಳ ತಾಯಿ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ತೀರಿಕೊಂಡ ಮಗ ಹಾಡಿದ್ದ ಡಿಸ್ಕ್ ಅವರ ದಿಂಬಿನ ಬಳಿಯೇ ಇತ್ತು. ಅದನ್ನು ಹಾಕಿ ಕೇಳುವ ಯಂತ್ರ ಅಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಾರ್ಲಿಯ ಕರೆ ಬಂತು.

"ಹೊಸ ಮಾಲು, ಮಾರೋಕೆ ತರಿಸಿದ್ದೀಯ ಅಂತಾರೆ ಕಣೆ. ವಾಪಸ್ ಕಳಿಸ್ತಾರಂತೆ."

"ಹಳೇದು ಅಂತ ಬರೆದಿದ್ನಲ್ಲೇ!"

"ನೀನೇನೋ ಬರೆದಿದ್ದೆ. ಪೆಟ್ಟಿಗೆ ತೆಗೆದ್ರೆ ಒಳಗೆ ಮದುಮಗಳ ಥರ ಕೂತಿದೆ!"

"ಅಮ್ಮ ಹೇಗಿದ್ದಾರೆ?"

"ಬಂತಾ, ಬಂತಾ ಅಂತ ಕೇಳ್ತಾನೇ ಇರ್ತಾರೆ. ಬೇಗ ಏನಾದ್ರೂ ಮಾಡೇ."

ತಪ್ಪು ತೊಮೊಯೊಳದೇ. ಅಂಗಡಿಯ ಪದ್ಧತಿಯಂತೆ ಗುಂಡಿಗಳ ಸಂದಿಯ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆದು, ಗೀರುಗಳನ್ನು ಉಜ್ಜಿ, ಕಂಪನಿಯ ಮೂಲ ಪೆಟ್ಟಿಗೆಯನ್ನೇ ಹುಡುಕಿ, ಮೇಲೆ ಉಡುಗೊರೆಯ ಕಾಗದ ಸುತ್ತಿದ್ದಳು.

ಮಾಲೀಕ ಶಿಮೊದಾ ಎಲ್ಲ ಕೇಳಿಸಿಕೊಂಡರು. "ಇಷ್ಟು ವರ್ಷ ಹಳೇದನ್ನ ಹೊಸದು ಮಾಡಿದೀನಿ, ಸರ್ಕಾರವೇ ನಂಬೋ ಹಾಗೆ ಮಾಡೋಕೆ ನಂಗೂ ಬರಲಿಲ್ಲ, ನೀನು ಮಾಡ್ಬಿಟ್ಟೆ ನೋಡು!"

"ತಮಾಷೆ ಬೇಡ, ಯಜಮಾನ್ರೇ."

"ಹಾಗಾದ್ರೆ ಆ ಗುಜರಿ ಕ್ರೇಟಲ್ಲಿ ಕೈ ಹಾಕು."

ಬಾಗಿಲ ಬಳಿಯ ಆ ಕ್ರೇಟಿನ ಮಾಲು ಕೆಲಸ ಮಾಡುತ್ತದೆಂಬ ಯಾವ ಭರವಸೆಯೂ ಇಲ್ಲ. ತೊಮೊಯೊ ಅದರಲ್ಲಿದ್ದ ಮಿನಿಡಿಸ್ಕ್ ಪ್ಲೇಯರ್‌ಗಳಿಗೆ ಒಂದೊಂದಾಗಿ ಬ್ಯಾಟರಿ ಹಾಕಿ ನೋಡಿದಳು. ಕೊನೆಗೆ ಒಂದು ತಿರುಗಿತು, ದನಿಯೂ ಸ್ಪಷ್ಟವಾಗಿತ್ತು. ಮುಚ್ಚಳದ ತುಂಬ ಗೀರು, ಅರ್ಧ ಹರಿದ ಸ್ಟಿಕರ್, ಎಂಥದೋ ಕಂದು ಕಲೆ. ಅವಳ ಕೈ ತಾನಾಗಿ ಬಟ್ಟೆಯತ್ತ ಹೋಯಿತು.

"ಏಯ್, ಒರೆಸಬೇಡ!"

"ಕಾಯಿಲೆಯವರ ಕೈಗೆ ಈ ಕೊಳಕು ಕೊಡೋದಾ?"

"ಒರೆಸೋ ಕೆಲಸ ನಿನ್ನ ಗೆಳತಿಗೆ ಬಿಡು, ತಾಯಿ. ಅವಳಿಗೂ ಕೈ ಇದೆ."

ತೊಮೊಯೊ ಬ್ಯಾಟರಿ ತೆಗೆದು, ಪ್ಲೇಯರನ್ನು ನಿನ್ನೆಯ ಪತ್ರಿಕೆಯಲ್ಲಿ ಸುತ್ತಿದಳು. ಅಂಚೆ ಕಚೇರಿಯ ಸಾಲಿನಲ್ಲಿ ನಿಂತಾಗ ಬಿಚ್ಚಿ ಆ ಕಲೆಯೊಂದನ್ನಾದರೂ ಉಜ್ಜಿಬಿಡಲೇ ಎಂದು ಬೆರಳು ಚಡಪಡಿಸುತ್ತಿತ್ತು. ಸರದಿ ಬರುವವರೆಗೂ ಪೊಟ್ಟಣವನ್ನು ಕಂಕುಳಲ್ಲಿ ಒತ್ತಿ ಹಿಡಿದಳು.

ಎರಡನೆಯ ಪೊಟ್ಟಣವನ್ನು ಕಸ್ಟಮ್ಸ್‌ನವರು ತಡೆಯಲಿಲ್ಲ. ಮಾರ್ಲಿಯ ತಾಯಿ ಮಗನ ಎರಡು ಹಾಡು ಕೇಳಿ, ಮೂರನೆಯದರ ನಡುವೆ ನಿದ್ದೆ ಹೋದರು. ವಾಪಸ್ ಕಳಿಸಿದ ಮೊದಲ ಪೊಟ್ಟಣ ಇನ್ನೂ ಒಸಾಕಾಕ್ಕೆ ಬಂದಿಲ್ಲ.