ಕರಕಾದ ರೊಟ್ಟಿಯ ಲೆಕ್ಕ

ಹೊಸ ಕಾದಂಬರಿಯೊಂದಕ್ಕೆ ಈಗ ಮುನ್ನೂರು ರೂಪಾಯಿಗೆ ಕಡಿಮೆ ಇಲ್ಲ. ಜೋಳದ ರೊಟ್ಟಿಗೆ ಎಂಟು ರೂಪಾಯಿ. ಬಂಕಾಪುರದ ಹೊನ್ನವ್ವನ ಲೆಕ್ಕದಲ್ಲಿ ಕೆಟ್ಟ ಕಾದಂಬರಿಗೆ ಬೀಳುವ ಖರ್ಚು ಆ ಮುನ್ನೂರೇ. ಒಳ್ಳೆಯದಾದರೆ ಮೇಲೆ ಇನ್ನೂ ಮೂವತ್ತು ನಲವತ್ತು ರೊಟ್ಟಿ ಹೋಗುತ್ತವೆ. ಒಳ್ಳೇ ಪುಸ್ತಕ ತುಟ್ಟಿ, ಕೆಟ್ಟದ್ದು ಸೋವಿ ಎಂದು ಅವಳು ಹೇಳುತ್ತಿದ್ದಳು. ಹೇಳಿಯೂ ತುಟ್ಟಿಯದನ್ನೇ ಹುಡುಕುತ್ತಿದ್ದಳು.

ಹೊನ್ನವ್ವನ ಮನೆಯ ಹಿಂದೆ ತಗಡಿನ ಚಪ್ಪರ, ಚಪ್ಪರದೊಳಗೆ ಮೂರು ಒಲೆ. ಹುಚ್ಚವ್ವ, ಸುನಿತಾ, ಮಾಲಾ ಮೂವರೂ ದಿನಕ್ಕೆ ಐನೂರು ರೊಟ್ಟಿ ಬಡಿಯುತ್ತಾರೆ. ಶಿಗ್ಗಾಂವಿಯ ಮತ್ತು ಹಾನಗಲ್ಲಿನ ಖಾನಾವಳಿಗಳಿಗೆ ಅವು ಹೋಗುತ್ತವೆ. ನಾಲ್ಕನೆಯವಳು ಫರ್ಜಾನಾ. ಅವಳ ಮೊಣಕೈಗೆ ನೋವು ಬಂದು ಬಡಿಯುವುದು ನಿಂತಾಗ ಹೊನ್ನವ್ವ ಕೆಲಸ ಬಿಡಿಸಲಿಲ್ಲ. ತಾನು ಮಧ್ಯಾಹ್ನ ಒಬ್ಬಳೇ ಓದುತ್ತಿದ್ದ ಕಾದಂಬರಿಯನ್ನು ಅವಳ ಕೈಗೆ ಕೊಟ್ಟು, "ಎಲ್ಲಾರಿಗೂ ಕೇಳೂ ಹಂಗ ಓದು. ಪಗಾರ ಅಷ್ಟ ಇರತೈತಿ," ಎಂದಳು.

ಒಂದು ತಿಂಗಳಲ್ಲಿ ಹೊನ್ನವ್ವನಿಗೆ ಒಂದು ಸಂಗತಿ ಹೊಳೆಯಿತು. ಕತೆ ಚಲೋ ಇದ್ದ ದಿನ ರೊಟ್ಟಿ ಕರಕಾಗುತ್ತವೆ. ಅಂದಿನಿಂದ ಕರಕಾದವಕ್ಕೆ ಬೇರೆ ಬುಟ್ಟಿ ಇಟ್ಟಳು. ಪುಸ್ತಕ ಮುಗಿದ ಮೇಲೆ ಬುಟ್ಟಿಯದನ್ನು ಎಣಿಸಿ, ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು, ರೊಟ್ಟಿಯನ್ನು ಎಮ್ಮೆಗೆ ಹಾಕುತ್ತಿದ್ದಳು.

ದೊಡ್ಡ ಊರಿನ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇನ್ನೂರು ಪುಟ ಮಾತಾಡದೆ ಕೂತ ಕಾದಂಬರಿಗೆ ಎರಡೇ ರೊಟ್ಟಿ ಬಿದ್ದವು. "ಇಷ್ಟು ದಿನದಾಗ ಒಮ್ಮೆನೂ ಉಂಡಿಲ್ಲ ನೋಡ ಅವರು," ಎಂದಳು ಹುಚ್ಚವ್ವ. "ಉಂಡಿದ್ರ ಸಾರಿಗೆ ಉಪ್ಪಿಲ್ಲ ಅಂತರೆ ಮಾತು ಹುಟ್ಟತಿತ್ತು."

ರೈತನೊಬ್ಬ ದಿನಾ ಮುಂಜಾನೆ ಮಣ್ಣು ಮುಟ್ಟಿ ಅಳುವ ಕಾದಂಬರಿಗೆ ಬಹುಮಾನ ಬಂದಿತ್ತು. ಅದಕ್ಕೆ ಒಂದೂ ಬೀಳಲಿಲ್ಲ. "ಬರದಾಂವ ಒಂದು ದಿನ ಕಳೆ ತಗದಿದ್ರ ಅಳು ಬ್ಯಾರೆ ಕಾರಣಕ್ಕ ಬರತಿತ್ತು," ಎಂದಳು ಹೊನ್ನವ್ವ.

ಕೊಲೆಯ ಕಾದಂಬರಿಗೆ ಎರಡೇ ದಿನದಲ್ಲಿ ಐವತ್ತೆರಡು ಬಿದ್ದವು, ಎಮ್ಮೆಗೆ ಹಬ್ಬ. ಆದರೆ ಮುಂದಿನ ವಾರ ಸತ್ತವನ ಹೆಸರು ಕೇಳಿದರೆ ಯಾರಿಗೂ ನೆನಪಿಲ್ಲ. ಆಗಿನಿಂದ ಹೊನ್ನವ್ವ ಬರೀ ಬುಟ್ಟಿಯನ್ನು ನಂಬುವುದು ಬಿಟ್ಟಳು. ವಾರದ ಮೇಲೆ ಏನು ಮಾತು ಉಳಿದಿದೆ ಎಂದೂ ನೋಡುತ್ತಿದ್ದಳು. ಸತ್ತ ತಾಯಿಯ ಫೋನಿಗೆ ತಿಂಗಳ ತಿಂಗಳ ರೀಚಾರ್ಜ್ ಹಾಕಿಸುವ ನರ್ಸಿನ ಕಾದಂಬರಿಗೆ ನಲವತ್ತೊಂದು ಬಿದ್ದಿದ್ದವು. ಅದನ್ನು ಓದಿ ಆರು ತಿಂಗಳಾದರೂ ಸುನಿತಾ ನಡುನಡುವೆ ಕೇಳುತ್ತಾಳೆ, "ಆ ನರ್ಸ್ ಈಗರೆ ರೀಚಾರ್ಜ್ ಬಿಟ್ಟಿರಬೇಕಲ್ಲ?" ಆ ಪುಸ್ತಕದ ಇನ್ನೊಂದು ಪ್ರತಿಯನ್ನೂ ಹೊನ್ನವ್ವ ಕೊಂಡಿಟ್ಟಿದ್ದಾಳೆ.

ಈ ಬುಟ್ಟಿಯ ಸುದ್ದಿ ಫರ್ಜಾನಾಳ ಜೊತೆ ಶಾಲೆಯಲ್ಲಿ ಓದಿದ ತನುಜಾಳ ಕಿವಿಗೆ ಬಿತ್ತು. ತನುಜಾ ಹತ್ತಿಮತ್ತೂರಿನವಳು, ಸವಣೂರಿನಲ್ಲಿ ಕಾಲೇಜಿನ ಹುಡುಗರಿಗೆ ಕನ್ನಡ ಕಲಿಸುತ್ತಾಳೆ. ನಾಲ್ಕು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದಳು. ತಿಂಗಳ ಕೊನೆಯೊಳಗೆ ಕಳಿಸಿದರೆ ನೋಡೋಣ ಎಂದು ಧಾರವಾಡದ ಪ್ರಕಾಶಕರು ಹೇಳಿದ್ದರು. ಓದಿದ ಗೆಳೆಯರೆಲ್ಲ "ಚಲೋ ಐತಿ" ಎಂದಿದ್ದರು. ಎಲ್ಲರೂ ಒಂದೇ ಮಾತು ಅಂದದ್ದಕ್ಕೇ ಅವಳಿಗೆ ಅನುಮಾನ ಹತ್ತಿತ್ತು.

"ನಿಮ್ಮ ಬುಟ್ಟಿ ಏನ ಹೇಳತೈತೋ ಹಂಗ ಮಾಡತೇನ್ರಿ ಅವ್ವಾರ," ಎಂದು ಫೈಲನ್ನು ಹೊನ್ನವ್ವನ ಮುಂದಿಟ್ಟಳು. "ಚಲೋ ಇದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲ."

ಶನಿವಾರ ಮುಂಜಾನೆ ಓದು ಸುರುವಾಯಿತು. ತನುಜಾ ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಕೂತಳು. ಕಾದಂಬರಿಯಲ್ಲಿ ಧಾರವಾಡದ ಓದಿದ ಹುಡುಗಿ, ಅವಳನ್ನು ಬಿಟ್ಟುಹೋದ ಕವಿ, ಕಿಟಕಿ, ಕಾಗದ, ಮತ್ತೆ ಕಿಟಕಿ. ಮಧ್ಯಾಹ್ನದವರೆಗೆ ಬುಟ್ಟಿ ಖಾಲಿ. ಫರ್ಜಾನಾ ಪುಟ ತಿರುವಿದಾಗಲೆಲ್ಲ ತನುಜಾ ಬುಟ್ಟಿಯ ಕಡೆ ನೋಡುತ್ತಿದ್ದಳು. ಕೊನೆಗೆ ಮುಖ ತೊಳೆದು ಬರುತ್ತೇನೆಂದು ಎದ್ದು ಹೋದವಳು ನಳದ ಹತ್ತಿರ ಬಹಳ ಹೊತ್ತು ನಿಂತಳು.

ಅವಳು ತಿರುಗಿ ಬಂದ ಮೇಲೆ ಮೊದಲ ರೊಟ್ಟಿ ಕರಕಾಯಿತು. ಆಮೇಲೆ ಇನ್ನೊಂದು. ರವಿವಾರ ಸಂಜೆ ಫರ್ಜಾನಾ ಕೊನೆಯ ಪುಟ ಮುಚ್ಚಿದಾಗ ಬುಟ್ಟಿಯಲ್ಲಿ ಮೂವತ್ತಮೂರು ಇದ್ದವು. ತನುಜಾಳ ಮುಖ ಅರಳಿತ್ತು. ಮನೆಗೆ ಸುದ್ದಿ ಹೇಳಲು ಫೋನು ಹಿಡಿದು ಅಂಗಳಕ್ಕೆ ಹೋದಳು.

ಹೊನ್ನವ್ವ ಬುಟ್ಟಿಯನ್ನು ಎಮ್ಮೆಯ ಗೋದಲಿಗೆ ಸುರಿಯಲು ಹೋದವಳು ನಿಂತಳು. ಮೇಲಿನ ರೊಟ್ಟಿ ಎತ್ತಿ ನೋಡಿದಳು, ಅದರ ಕೆಳಗಿನದನ್ನೂ ನೋಡಿದಳು. ಚಪ್ಪರಕ್ಕೆ ವಾಪಸು ಬಂದು ಒಂದೊಂದನ್ನೇ ಚಾಪೆಯ ಮೇಲೆ ಹರಡಿದಳು.

ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು, ಆಮೇಲೆ ಮಗುಚಬೇಕು, ಆಮೇಲೆ ಅದು ಉಬ್ಬುತ್ತದೆ. ಕತೆಯಲ್ಲಿ ಮೈಮರೆತವಳು ನೀರನ್ನೇ ಮರೆಯುತ್ತಾಳೆ. ಹಾಗೆ ಹೊತ್ತಿದ ರೊಟ್ಟಿಯ ಮೇಲೆ ಹಿಟ್ಟು ಬೆಳ್ಳಗೆ ಒಣಗಿ ಬಿರಿದಿರುತ್ತದೆ, ತಳ ಮಾತ್ರ ಕಪ್ಪು. ಚಾಪೆಯ ಮೇಲಿನ ಮೂವತ್ತೆರಡು ರೊಟ್ಟಿ ಚೆಂದಾಗಿ ನೀರು ಕುಡಿದು, ಚೆಂದಾಗಿ ಉಬ್ಬಿ, ಆಮೇಲೆ ಸುಟ್ಟಿದ್ದವು.

"ಇವನ್ನ ಯಾರು ಸುಟ್ಟೀರಿ?" ಹೊನ್ನವ್ವ ಮೆಲ್ಲಗೆ ಕೇಳಿದಳು.

ಸುನಿತಾ ಹಿಟ್ಟಿನ ಡಬ್ಬಿಯ ಮುಚ್ಚಳ ಒರೆಸತೊಡಗಿದಳು. ಮಾಲಾ ಹುಚ್ಚವ್ವನ ಮುಖ ನೋಡಿದಳು.

"ಮೂರೂ ಮಂದಿ," ಎಂದಳು ಹುಚ್ಚವ್ವ. "ಆ ಹುಡುಗಿ ಬುಟ್ಟಿ ನೋಡೂದನ್ನ ನನಗ ನೋಡಾಕ ಆಗಲಿಲ್ಲ. ನಿನ್ನ ಎಮ್ಮಿ ಹೊಟ್ಟಿನೂ ತುಂಬತೈತಿ. ಸುಮ್ಮನಿರು."

"ನಾ ಸುಮ್ಮನಿದ್ರ ಆಕಿ ನಾಳೆ ಧಾರವಾಡಕ್ಕ ಕಳಸ್ತಾಳ. ಅಚ್ಚಾಗಿ ಬಂದ ಮ್ಯಾಲೆ ಊರೂರಾಗ ಓದೋರು ನಿನ್ನಂಗ ರೊಟ್ಟಿ ಸುಟ್ಟ ಕೊಡತಾರೇನು?"

ಹೊನ್ನವ್ವ ಮೂವತ್ತಮೂರನೆಯ ರೊಟ್ಟಿಯನ್ನು ಬೆಳಕಿಗೆ ಹಿಡಿದಳು. ಮೇಲೆ ಬೆಳ್ಳಗೆ ಬಿರಿದಿತ್ತು, ನೀರು ಕಂಡಿರಲಿಲ್ಲ.

"ಇದು?"

"ಅದು ನಂದ," ಎಂದಳು ಹುಚ್ಚವ್ವ. "ಅದನ್ನ ಬೇಕಂತ ಸುಟ್ಟಿಲ್ಲ. ಆ ಅತ್ತಿ ಸ್ಕೂಟಿ ಕಲೀತಾಳಲ್ಲ, ಅಲ್ಲೆ ಕೈ ನಿಂತ ಹೋತು."

ಹೊನ್ನವ್ವನಿಗೂ ಆ ಭಾಗ ನೆನಪಿತ್ತು. ಕಾದಂಬರಿಯ ನಡುವೆ ಒಂಬತ್ತು ಪುಟ. ಹುಡುಗಿಯ ಸೋದರತ್ತೆಗೆ ಐವತ್ತೆರಡು ವರ್ಷ. ಸವಣೂರಿನ ತಂಗಿಯ ಮನೆಗೆ ಬಿಟ್ಟು ಬಾ ಎಂದು ಮಗನನ್ನು ಕೇಳಿ ಕೇಳಿ ಸಾಕಾಗಿ, ಸುಗ್ಗಿ ಮುಗಿದ ಹೊಲದಲ್ಲಿ ಯಾರಿಗೂ ಹೇಳದೆ ಸ್ಕೂಟಿ ಕಲಿಯುತ್ತಾಳೆ. ಬಿದ್ದು ಮೊಣಕಾಲು ತರಚಿದರೆ ಅರಿಷಿಣ ಮೆತ್ತಿಕೊಂಡು, ಎಮ್ಮೆ ಒದೆಯಿತು ಅನ್ನುತ್ತಾಳೆ.

ತನುಜಾ ಒಳಗೆ ಬಂದಾಗ ಹೊನ್ನವ್ವ ಅವಳ ಕೈಗೆ ಚಹಾ ಕೊಟ್ಟು, ಎರಡು ರೊಟ್ಟಿ ಮುಂದಿಟ್ಟು, ಯಾವುದು ಹೇಗೆ ಸುಟ್ಟದ್ದು ಎಂದು ಬಿಡಿಸಿ ಹೇಳಿದಳು. ತನುಜಾ ಚಹಾ ಕುಡಿಯಲಿಲ್ಲ.

"ಎಲ್ಲಾ ಸುಳ್ಳೇನ್ರಿ?"

"ಸುಳ್ಳಲ್ಲವಾ. ಮೂವತ್ತೆರಡು ನಿನ್ನ ಮ್ಯಾಲಿನ ಪ್ರೀತಿಗೆ ಸುಟ್ಟಿದ್ದು. ಒಂದು ನಿನ್ನ ಬರಹಕ್ಕ ಸುಟ್ಟಿದ್ದು."

ತನುಜಾ ಆ ಒಂದು ರೊಟ್ಟಿಯನ್ನು ಕೈಗೆತ್ತಿಕೊಂಡಳು. ಊರಿನ ಹಳೇ ಕೋಟೆಯ ಕಡೆಯಿಂದ ನವಿಲು ಕೂಗಿತು.

"ಅದು ನಮ್ಮ ಅತ್ತಿದ್ರಿ, ಖರೇನ," ಎಂದಳು ತನುಜಾ. "ಆ ಭಾಗ ತಗೀಬೇಕು ಅಂತ ಮಾಡಿದ್ದೆ. ಕಥಿಗೆ ಸಂಬಂಧ ಇಲ್ಲಂತ ಓದಿದೋರೆಲ್ಲಾ ಹೇಳಿದ್ರು."

"ಅತ್ತಿಗೆ ಸಂಬಂಧ ಇಲ್ಲದ್ದು ಆ ಕಿಟಕಿ, ಕಾಗದ," ಎಂದಳು ಹೊನ್ನವ್ವ. "ಅತ್ತಿಯಿಂದ ಮತ್ತ ಸುರು ಮಾಡು. ಈ ಸಲ ನಾ ಈ ಹೆಂಗಸರ ಕೈ ಮ್ಯಾಲೆ ಕಣ್ಣಿಟ್ಟ ಕೂಡತೇನಿ."

ಹುಚ್ಚವ್ವ ತಡೆಯಲಾಗದೆ ಕೇಳಿದಳು. "ಆಕಿ ತಂಗಿ ಮನಿಗೆ ಹೋದಳೋ ಇಲ್ಲೋ?"

ತನುಜಾ ಕಣ್ಣೊರೆಸಿಕೊಂಡಳು. "ಇನ್ನೂ ಇಲ್ರಿ. ಮೊನ್ನೆ ಹಳ್ಳದ ತನಕ ಹೋಗಿ ತಿರುಗಿ ಬಂದಾಳ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತಂತ."

"ಹಾರ್ನ್ ಹೊಡದ ಸರಕೊಂಡ ಹೋಗ ಅನ್ನು," ಎಂದಳು ಸುನಿತಾ.

ತಿಂಗಳ ಕೊನೆಗೆ ತನುಜಾ ಧಾರವಾಡಕ್ಕೆ ಏನೂ ಕಳಿಸಲಿಲ್ಲ. ಪ್ರಕಾಶಕರು ಆ ವರ್ಷ ಬೇರೆಯವರ ಕಾದಂಬರಿ ತಂದರು. ಹೋದದ್ದು ನಾಲ್ಕು ವರ್ಷದ ಬರಹ, ಇನ್ನೂರ ಮೂವತ್ತು ಪುಟ, ಮೂವತ್ತಮೂರು ರೊಟ್ಟಿ. ಉಳಿದದ್ದು ಒಂಬತ್ತು ಪುಟ, ಮತ್ತು ಹಳ್ಳದ ತನಕ ಹೋಗಿ ಬಂದ ಒಬ್ಬ ಅತ್ತೆ.