ಇಪ್ಪತ್ತಾರನೆಯ ಲಾಗರ್

ಇನ್ನೂ ಏನೋ ಒಂದು ರುಚಿ ಉಳಿದಿತ್ತು.

ನಾರ್ಬರ್ಟ್ ಸಿಂಕಿಗೆ ಉಗಿದ. ಬಾಯಿ ಮುಕ್ಕಳಿಸಿದ. ತಾನೇ ತಯಾರಿಸಿದ ಲಾಗರ್ ಬಿಯರನ್ನು ಮತ್ತೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನೆಲಮಾಳಿಗೆಯ ಗೋಡೆಗೆ ಒರಗಿ ನಿಂತ. ಪುದೀನ. ಅದು ಬಿಯರಿನದಲ್ಲ, ಬೆಳಿಗ್ಗೆ ಹಲ್ಲುಜ್ಜಿದ ಪೇಸ್ಟಿನದು. ಇನ್ನೊಮ್ಮೆ ಮುಕ್ಕಳಿಸಿ ಕುಡಿದಾಗ ಏನೂ ಇರಲಿಲ್ಲ.

ಎರಡು ವರ್ಷದಲ್ಲಿ ಮೊದಲ ಬಾರಿಗೆ ಏನೂ ಇರಲಿಲ್ಲ.

ನೋಟ್‌ಬುಕ್ಕಿನ ಇಪ್ಪತ್ತಾರನೆಯ ಪುಟದಲ್ಲಿ ಹೊತ್ತು ಬರೆದುಕೊಂಡ. ಹಿಂದಿನ ಪುಟಗಳ ತುಂಬ ತೆಗೆದುಹಾಕಿದ್ದೇ ಇತ್ತು. ಮೂರನೆಯ ಸಲದ ಬಿಯರಿನಲ್ಲಿ ಬೇಯಿಸಿದ ಜೋಳದ ವಾಸನೆ ಬಂದಿತ್ತು. ಹೆಚ್ಚು ಹೊತ್ತು ಕುದಿಸಿದ. ಒಂಬತ್ತನೆಯದರಲ್ಲಿ ಹಸಿರು ಸೇಬು. ಯೀಸ್ಟಿಗೆ ಇನ್ನೊಂದು ವಾರ ಕೊಟ್ಟ. ಹದಿನಾಲ್ಕರಲ್ಲಿ ಬೆಣ್ಣೆ. ಹತ್ತೊಂಬತ್ತರಲ್ಲಿ ಬಾರ್ಲಿ ಬಾರ್ಲಿಯ ಹಾಗೇ ಇತ್ತು; ಬಾರ್ಲಿ ಇಳಿಸಿ ಅಕ್ಕಿ ಏರಿಸಿದ. ಕಹಿ ಕೊಡುವ ಹಾಪ್ಸ್ ಹೂವು ಒಂದು ಚಿಟಿಕೆಗೆ ಬಂದು ನಿಂತಿತು. ಊರಿನ ನೀರಿಗೆ ಊರಿನ ರುಚಿ ಇತ್ತು. ಅದನ್ನೂ ಸೋಸಿ ತೆಗೆದ.

ಮೆಟ್ಟಿಲ ಮೇಲಿನಿಂದ ಹೆಂಡತಿ ವರ್ನಾ ಕೂಗಿದಳು. “ಬದುಕಿದ್ದೀಯಾ?”

“ಸಿಕ್ತು!”

“ಏನು ಸಿಕ್ತು?”

“ಏನೂ ಇಲ್ಲ. ಒಂಚೂರೂ ರುಚಿ ಇಲ್ಲ.”

“ಅದು ನಲ್ಲೀಲೇ ಬರುತ್ತಲ್ಲ, ನಾರ್ಬ್.”

“ಇಲ್ಲ, ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ.”

ವರ್ನಾ ಎರಡು ಮೆಟ್ಟಿಲು ಇಳಿದಳು. “ನಿಮ್ಮಪ್ಪ ಇವತ್ತಾದ್ರೂ ಏನಾದ್ರೂ ಹೇಳ್ತಾರಾ?”

“ಹೇಳೋಕೆ ಏನೂ ಸಿಗಬಾರದು. ಅದೇ ಮುಖ್ಯ.”

“ಮತ್ತೆ ಯಾಕೆ ಹೋಗ್ತಿದ್ದೀಯ?”

ಅವನು ನಲ್ಲಿಯನ್ನು ಜೋರಾಗಿ ತಿರುಗಿಸಿದ. ನೀರಿನ ಸದ್ದಿನಲ್ಲಿ ಕೇಳಿಸದೆ ಹೋಗಿರಬಹುದು ಎಂದು ಇಬ್ಬರೂ ಒಪ್ಪಿಕೊಂಡರು.

ಅಪ್ಪ ಎಲ್ಮರ್ ಮೂವತ್ತೊಂದು ವರ್ಷ ಮಿಲ್ವಾಕಿಯ ಒಂದು ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದ. ದಿನಾ ಹತ್ತು ಗಂಟೆಗೆ ಎದುರಿಗೆ ಮೂರು ಲೋಟ. ಎರಡು ಒಂದೇ, ಒಂದು ಬೇರೆ. ಬೇರೆ ಯಾವುದು ಹೇಳಬೇಕು. ಹೇಳುತ್ತಿದ್ದ. ಭಾನುವಾರ ಮನೆಯಲ್ಲೂ ಆಟ ಬಿಡುತ್ತಿರಲಿಲ್ಲ. ಎಂಟು ವರ್ಷದ ನಾರ್ಬರ್ಟ್‌ನ ಮುಂದೆ ಮೂರು ಲೋಟ ಹಾಲು, ಒಂದು ನಿನ್ನೆಯದು. “ಊಹೆ ಮಾಡ್ಬೇಡ. ಹೇಳು.” ನಾರ್ಬರ್ಟ್ ಊಹೆ ಮಾಡುತ್ತಿದ್ದ. ಒಂದು ದಿನ ಅಪ್ಪ ಅಮ್ಮನ ಕಡೆ ತಿರುಗಿ, “ಇವನಿಗೆ ನಾಲಿಗೇನೇ ಇಲ್ಲ” ಎಂದ. ಸಿಟ್ಟಿರಲಿಲ್ಲ, ಮಗನ ಎತ್ತರ ಹೇಳಿದ ಹಾಗೆ ಹೇಳಿದ್ದ.

ಆಮೇಲೆ ನಾರ್ಬರ್ಟ್ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ. ಪದವಿ ಕೊಡುವ ದಿನ ಅಪ್ಪ ಬಂದಿದ್ದ. ಅಲ್ಲಿಯ ಕಾಫಿ ಸೀದಿದೆ ಎಂದಿದ್ದ.

ಇವತ್ತು ಮೂರು ಲೋಟ ಇಡುವವನು ನಾರ್ಬರ್ಟ್. ಎರಡರಲ್ಲಿ ಕಾರ್ಖಾನೆಯ ರುಚಿಯಿಲ್ಲದ ಬಿಯರು, ಒಂದರಲ್ಲಿ ಈಗ ಅದರ ಹಾಗೇ ಆದ ತನ್ನದು. ಆ ನಾಲಿಗೆ ಒಮ್ಮೆ ಸೋಲಬೇಕು. ಅಷ್ಟು ಸಾಕು.

ಅಪ್ಪನ ಮನೆಯ ಬಾಗಿಲು ತೆಗೆದವನು ಗಸ್, ಅದೇ ಕಾರ್ಖಾನೆಯ ಬಾಟಲಿ ವಿಭಾಗದಲ್ಲಿದ್ದವನು. ಕೈಯಲ್ಲಿ ಕ್ಯಾನು. ಒಳಗೆ ಟೀವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ.

“ಡಾಕ್ಟ್ರು ಬಂದ್ರು ಕಣೋ ಎಲ್ಮರ್! ಅಂಗಿ ಬಿಚ್ಚಿ ಕೂತ್ಕೊ.”

“ಬೂಟು ಅಲ್ಲೇ ಬಿಡು,” ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. “ಹಿಮ ಒಳಗೆ ತರಬೇಡ.”

“ಹೇಗಿದ್ದೀಯ, ಅಪ್ಪ?”

“ಸೋಲ್ತಾ ಇದ್ದೀವಿ.”

ಅಡುಗೆಮನೆಯಲ್ಲಿ ನಾರ್ಬರ್ಟ್ ಲೋಟಗಳ ತಳಕ್ಕೆ ಗುರುತಿನ ಸಂಖ್ಯೆಯ ಚೀಟಿ ಅಂಟಿಸಿದ. 417, 283, 659. ತನ್ನದು 283. ಮೂರಕ್ಕೂ ಸಮನಾಗಿ ಬಗ್ಗಿಸಿದ. ಮೂರರದೂ ಒಂದೇ ಬಣ್ಣ, ಒಂದೇ ನೊರೆ. ನೋಡುತ್ತ ನಿಂತವನಿಗೆ ಎರಡು ವರ್ಷ ಹೊಳೆಯದಿದ್ದದ್ದು ಈಗ ಹೊಳೆಯಿತು. ಅಪ್ಪ ಕಂಡುಹಿಡಿದರೆ ಇಪ್ಪತ್ತಾರನೆಯದೂ ಚರಂಡಿಗೆ. ಕಂಡುಹಿಡಿಯದಿದ್ದರೆ ಮಗನದೊಂದು ಲೋಟ ಅಲ್ಲಿತ್ತು ಎಂಬುದೇ ಅಪ್ಪನಿಗೆ ತಿಳಿಯುವುದಿಲ್ಲ. ತನಗೆ ಯಾವುದು ಬೇಕಿತ್ತು?

ತಟ್ಟೆ ಹಿಡಿದು ಹೋಗಿ ಅಪ್ಪನ ಎದುರಿನ ಮೇಜಿನ ಮೇಲೆ ಇಟ್ಟ.

ಅಪ್ಪ ಮೂರು ಲೋಟಗಳನ್ನೂ ನೋಡಿದ. ಮಗನನ್ನು ನೋಡಿದ. ಮೂಗು ಮಾತ್ರ ಹಳೆಯ ಅಭ್ಯಾಸದಿಂದ ಸ್ವಲ್ಪ ಅರಳಿತು.

ಅಪ್ಪ ಕುರ್ಚಿಯ ಪಕ್ಕದಿಂದ ತನ್ನ ದೊಡ್ಡ ಮಗ್ ಎತ್ತಿಕೊಂಡ. ಮೊದಲನೆಯ ಲೋಟ ಅದಕ್ಕೆ ಸುರಿದ. ಎರಡನೆಯದು ಸುರಿದ.

“ಅಪ್ಪಾ! ಏನ್ ಮಾಡ್ತಿದ್ದೀಯ?”

“ಲೋಟ ಚಿಕ್ಕದು.” ಮೂರನೆಯದೂ ಸುರಿದ.

“ಅದು ಪರೀಕ್ಷೆ, ಅಪ್ಪ. ಒಂದು ಬೇರೆ ಇತ್ತು.”

“ಇರುತ್ತೆ.” ಅಪ್ಪ ಒಂದೇ ಸಲಕ್ಕೆ ಅರ್ಧ ಕುಡಿದು ತುಟಿ ಒರೆಸಿಕೊಂಡ. “ಮೂವತ್ತೊಂದು ವರ್ಷ ಇನ್ನೊಬ್ಬರ ಲೋಟದಲ್ಲಿ ತಪ್ಪು ಹುಡುಕಿದ್ದಾಯ್ತು. ಈಗ ಬಾಯಾರಿಕೆ ಆಗಿದೆ.”

“ಹೇಗಿದೆ?”

ಪರದೆಯ ಮೇಲೆ ಯಾರೋ ಚೆಂಡು ಕೈಬಿಟ್ಟರು. ಅಪ್ಪ ಬೈದ. ಗಸ್ ಇನ್ನೂ ಜೋರಾಗಿ ಬೈದ.

“ಅಪ್ಪ, ಹೇಗಿದೆ?”

“ತಣ್ಣಗಿದೆ.”

“ನೋಡಿ ಡಾಕ್ಟ್ರೇ,” ಗಸ್ ಕ್ಯಾನು ಎತ್ತಿದ, “ಪಾಸಾದ್ರಿ!”

ನಾರ್ಬರ್ಟ್ ಖಾಲಿ ಲೋಟಗಳನ್ನು ಅಡುಗೆಮನೆಗೆ ತಂದ. ಒಂದೊಂದನ್ನೂ ಎತ್ತಿ ತಳದ ಚೀಟಿ ನೋಡಿದ. 283ರ ಒಳಗೆ ತಳದಲ್ಲಿ ಒಂದು ಹನಿ ಉಳಿದಿತ್ತು.

“ನಾರ್ಬ್! ಇನ್ನೊಂದು ತಗೊಂಡು ಬಾ,” ಅಪ್ಪ ಕೂಗಿದ.

“ಯಾವುದು?”

“ಯಾವುದಾದ್ರೂ.”

ಅವನು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಲೋಟ ಬೋರಲು ಹಾಕಿ ಕಾದ. ಹನಿ ಅಂಚಿನವರೆಗೆ ಜಾರಿ ಅಲ್ಲೇ ನಿಂತಿತು. ಕಣ್ಣು ಪಕ್ಕಕ್ಕೆ ಹೊರಳಿದಾಗ ಟೋಸ್ಟರಿನ ಹೊಳೆಯುವ ಮೈಯಲ್ಲಿ ಒಂದು ಮುಖ ಅಡ್ಡಡ್ಡ ಹಿಗ್ಗಿ ಕಾಣಿಸಿತು. ಅದರ ಬಾಯಿ ಪೂರ್ತಿ ತೆರೆದಿತ್ತು. ಒಳಗೆ ಬರೀ ಕಪ್ಪು. ಎಷ್ಟು ನೋಡಿದರೂ ನಾಲಿಗೆ ಕಾಣಿಸಲಿಲ್ಲ.