ಬರಿದಾದ ಜಾಗದ ಜಲಜನಕ

೧೯೭೮ರ ಬೇಸಿಗೆ ರಜೆಗೆ ಮಂಗಳಮ್ಮ ಆತಗೂರಿನ ತವರಿಗೆ ಬಂದಾಗ ಅವಳ ಚೀಲದ ತುಂಬ ಅಂಕಿಗಳ ಹಾಳೆಗಳಿದ್ದವು. ಅವಳು ಮಂಡ್ಯದಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಅವಳ ಸಂಶೋಧನೆಯ ಗುರು ಯೋಗಾನರಸಿಂಹ ವಿದೇಶದ ರೇಡಿಯೊ ದೂರದರ್ಶಕವೊಂದರಿಂದ ಆ ಅಂಕಿಗಳನ್ನು ತರಿಸಿದ್ದರು. ಆಕಾಶದ ಒಂದು ಕಡೆ ಐದು ಗೆಲಾಕ್ಸಿಗಳು ಒತ್ತೊತ್ತಾಗಿ ಗುಂಪುಗೂಡಿವೆ. ಅಲ್ಲಿನ ಜಲಜನಕ ಅನಿಲ ಕಣ್ಣಿಗೆ ಕಾಣದು, ರೇಡಿಯೊ ಅಲೆಯಿಂದಷ್ಟೇ ಗೊತ್ತಾಗುತ್ತದೆ. ಯಾವ ಬಿಂದುವಿನಲ್ಲಿ ಅದು ಎಷ್ಟಿದೆ ಎಂಬುದನ್ನು ಅಂಕಿಗಳು ಹೇಳುತ್ತಿದ್ದವು.

ನಕ್ಷೆ ಬರೆಯುವ ಕೆಲಸವನ್ನು ಅವಳು ಅಪ್ಪ ಕೆಂಪಯ್ಯನಿಗೆ ಒಪ್ಪಿಸಿದಳು. ಅವನು ಮೂವತ್ತು ವರ್ಷ ನಾಲೆಯ ಸರ್ವೆಯಲ್ಲಿ ಒಂದೇ ಎತ್ತರದ ಬಿಂದುಗಳನ್ನು ಕೂಡಿಸಿ ನೆಲದ ಏರುತಗ್ಗಿನ ಗೆರೆಗಳನ್ನು ಎಳೆದವನು. ಇಲ್ಲಿ ಎತ್ತರದ ಬದಲು ಅನಿಲದ ಪ್ರಮಾಣ ಎಂದಷ್ಟೇ ಅವಳು ಹೇಳಿಕೊಟ್ಟಳು.

ಒಂಬತ್ತನೆಯ ದಿನ ಕೆಂಪಯ್ಯ ಪಾರದರ್ಶಕ ಹಾಳೆಯ ಮೇಲಿನ ನಕ್ಷೆಯನ್ನು ಗೆಲಾಕ್ಸಿಗಳ ಫೋಟೊ ಮೇಲೆ ಹಾಸಿದ. ಮಂಗಳಮ್ಮ ಬಗ್ಗಿ ನೋಡಿದಳು. ಗೆರೆಗಳೆಲ್ಲ ಸುತ್ತಿಕೊಂಡಿದ್ದ ಜಾಗದ ಕೆಳಗೆ ಗೆಲಾಕ್ಸಿಯೇ ಇರಲಿಲ್ಲ, ಬರೀ ಕಪ್ಪು. ಅನಿಲ ಇರಬೇಕಾಗಿದ್ದ ಐದು ಗೆಲಾಕ್ಸಿಗಳ ಮೇಲೆ ಒಂದು ಗೆರೆಯೂ ಹಾಯ್ದಿರಲಿಲ್ಲ.

"ಹಾಳೆ ತಿರುಗಾಮುರುಗಾ ಇಟ್ಟಿದ್ದೀಯ," ಎಂದಳು.

"ಇಲ್ಲ ಕಣವ್ವ. ಅಂಕಿ ಎಲ್ಲಿ ಕುಂತವೋ ಅಲ್ಲೇ ಗೆರೆ ಓಗ್ಯದೆ."

ನಿನ್ನ ಕಣ್ಣು ಮಂಜಾಗಿದೆ, ನಿನಗೆ ಕೊಟ್ಟದ್ದೇ ನನ್ನ ತಪ್ಪು ಎಂದುಬಿಟ್ಟಳು. ಕೆಂಪಯ್ಯ ಪೆನ್ನು ಒರೆಸಿಟ್ಟು ಗದ್ದೆಯ ಕಡೆ ಹೋದ.

ಎರಡು ದಿನ ಕೂತು ನಾನೂರು ಬಿಂದುಗಳನ್ನೂ ಅವಳೇ ಗುರುತು ಹಾಕಿದಳು. ಬಂದದ್ದು ಅದೇ ನಕ್ಷೆ.

ಮರುದಿನ ನಕ್ಷೆ ಹಿಡಿದು ಗುರುಗಳನ್ನು ಕಾಣಲು ಮಂಡ್ಯದ ಬಸ್ಸು ಹತ್ತಿದಳು. ಅನಿಲವೆಲ್ಲ ಗೆಲಾಕ್ಸಿಗಳ ಒಳಗಿದೆ ಎಂದು ಯೋಗಾನರಸಿಂಹರು ಆಗಲೇ ಅರ್ಧ ಪ್ರಬಂಧ ಬರೆದಿದ್ದರು. ನಕ್ಷೆ ನೋಡಿ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಕುರ್ಚಿ ಎಳೆದುಕೊಂಡು ಕೂತರು.

"ಹೋದ ವರ್ಷ ಬಂದ ಅಂಕಿಗಳೂ ಇದನ್ನೇ ಹೇಳಿದ್ದವು," ಎಂದರು. "ಯಂತ್ರದ ದೋಷ ಅಂತ ಎತ್ತಿಟ್ಟುಬಿಟ್ಟೆ. ನಿನಗೂ ಹೇಳಲಿಲ್ಲ."

ಮಂಗಳಮ್ಮನಿಗೆ ಅವರ ಮುಖ ನೋಡಲಾಗಲಿಲ್ಲ. ಏಳು ವರ್ಷ ಅವರ ಮಾತನ್ನು ಅವಳು ಒಮ್ಮೆಯೂ ಅನುಮಾನಿಸಿದವಳಲ್ಲ. ಗೆಲಾಕ್ಸಿಗಳು ತೀರ ಹತ್ತಿರ ಹಾದುಹೋಗುವಾಗ ಒಂದರ ಅನಿಲವನ್ನು ಇನ್ನೊಂದು ಎಳೆದು ಹೊರಗೆ ಚೆಲ್ಲಿರಬೇಕು ಎಂದು ಅವರು ತಡವರಿಸುತ್ತ ಹೇಳಿದರು. ಆಮೇಲೆ ತಾವು ಬರೆದ ಪುಟಗಳಿಗೆ ಒಂದೊಂದಾಗಿ ಅಡ್ಡಗೆರೆ ಎಳೆದರು.

ಸಂಜೆ ಊರಿಗೆ ಮರಳಿದಾಗ ಕೆಂಪಯ್ಯ ಜಗುಲಿಯ ಮೇಲಿದ್ದ. ನಕ್ಷೆ ಸರಿಯಾಗಿತ್ತು, ತಪ್ಪು ನನ್ನದು ಎಂದಳು.

"ಗೊತ್ತಿತ್ತು ಕಣವ್ವ," ಎಂದ. "ಮೊದ್ಲು ಫೋಟ ಮೇಲೆ ಇಟ್ಟಾಗ ನಂಗೂ ತಪ್ಪಾಯ್ತೇನೋ ಅನ್ನುಸ್ತು. ಮೂರು ಸತಿ ಅಳಿಸಿ ಬರುದೆ. ಆಮೇಲೇ ನಿಂಗೆ ತೋರ್ಸಿದ್ದು."

ಮೂರು ಸಲ ಬರೆದದ್ದನ್ನು ಆ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಿದಳು. ನೀನು ಕೇಳಲಿಲ್ಲವಲ್ಲ ಎಂದ ಕೆಂಪಯ್ಯ. ಮಂಗಳಮ್ಮ ಅವನ ಪಕ್ಕ ಕೂತಳು, ಅಳು ತಡೆಯಲಾಗಲಿಲ್ಲ.